ಗಂಡುವೇಷದ ಎಡ ಮಂಡಿ

ಮೂರಂಗುಲ ದಪ್ಪ ಬಿಳಿಯಟ್ಟೆಯ ಬೂಟಿನೊಳಗೆ
ಮೊದಲು ಹತ್ತಿ ತುರುಕಬೇಕು. ನನ್ನ ಪಾದ ಸಣ್ಣದು.
ಎದೆಗೆ ಬಟ್ಟೆ ಬಿಗಿದು, ಹೆಗಲಿಗೆ ಮೆತ್ತೆ ಕಟ್ಟಿ,
ಸೊಂಟದ ಹಿಂದೆ ಮೈಕಿನ ಡಬ್ಬಿ ಸಿಕ್ಕಿಸಿ
ಹುಬ್ಬನ್ನು ಕಿವಿಯತ್ತ ಎಳೆದು ಬರೆದರೆ
ನಾನು ರಾಜಧಾನಿಯ ಪರೀಕ್ಷೆಗೆ ಹೊರಟ ಬಡ ಪಂಡಿತ.
ಮೂವತ್ತೊಂದು ವರ್ಷದಿಂದ ಇದೇ ಪರೀಕ್ಷೆ.
ಪ್ರತಿ ಸಲ ಮೊದಲನೆಯವನು.

ಶೆಂಗ್‌ಜೌ ಸೀಮೆಯ ಯ್ವೆ ಆಟ ನಮ್ಮದು.
ಮೇಳದಲ್ಲಿ ಗಂಡಸರೂ ಹೆಂಗಸರೇ.
ಅತ್ತೆ ಹೆಂಗಸು, ಸೊಸೆ ಹೆಂಗಸು,
ಗಡ್ಡ ಅಂಟಿಸಿಕೊಂಡ ಮಾವನೂ ಹೆಂಗಸು.
ಚೌಕಿಯಲ್ಲಿ ಒಂದೇ ರೈಸ್ ಕುಕ್ಕರು,
ಹದಿನಾಲ್ಕು ಸೊಳ್ಳೆಪರದೆ.
ಆಡಿಸುವುದು ಯಾರದೋ ಎಂಬತ್ತರ ಹುಟ್ಟುಹಬ್ಬಕ್ಕೆ,
ಊರದೇವರ ಹೆಸರಿಗೆ, ಕೆಲವೊಮ್ಮೆ
ದಿವಾಳಿ ತಪ್ಪಿದ ಕಾರ್ಖಾನೆಯವನ ಹರಕೆಗೆ.
ರಂಗದ ಪಕ್ಕ ಕೆಂಪಕ್ಷರದ ಪಟ್ಟಿ ಓಡುತ್ತದೆ,
ನಾನು ಬಾಯಿ ತೆರೆಯುವ ಮುಂಚೆಯೇ
ನನ್ನ ದುಃಖ ಹೇಳಿ ಮುಗಿಸುತ್ತದೆ.

ಚ್ಯೂ ಫೆಂಗ್‌ದೀ ಕೂರುತ್ತಿದ್ದದ್ದು ಎಡಕ್ಕೆ, ಮೂರನೇ ಬೆಂಚು.
ಟೈ ಕಾರ್ಖಾನೆಯಲ್ಲಿ ಒಳಹೊಲಿಗೆಯವಳು:
ದಿನಕ್ಕೆ ನಾನೂರು ಟೈ, ಒಂದನ್ನೂ
ಯಾರ ಕೊರಳಲ್ಲೂ ಕಂಡವಳಲ್ಲ.
ಗಂಡ ಕಲ್ಲುಕ್ವಾರಿಯಲ್ಲಿ.
ವರ್ಷಕ್ಕೊಮ್ಮೆ ಆಟ ಮುಗಿದ ಮೇಲೆ ಚೌಕಿಗೆ ಬಂದು
ಪೊಟ್ಟಣ ನೀಡುತ್ತಿದ್ದಳು. ಬಿಚ್ಚಿದರೆ ಟೈ.
"ಪಂಡಿತರಿಗೆ" ಎನ್ನುತ್ತಿದ್ದಳು. ನನಗಲ್ಲ, ಪಂಡಿತರಿಗೆ.
ಬಣ್ಣ ತೆಗೆದ ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ,
ಕಣ್ಣು ನೆಲಕ್ಕಿಟ್ಟು ಬಂದ ದಾರಿಯಲ್ಲೇ ಹೋಗುತ್ತಿದ್ದಳು.

ಹದಿನೇಳು ಟೈ. ನೇರಳೆ, ಸಾಸಿವೆ, ಚುಕ್ಕೆ, ಗೀರು,
ಒಂದರ ಮೇಲೆ ಸಣ್ಣ ಸಣ್ಣ ಬಾತುಕೋಳಿ.
ಎಲ್ಲ ಪೆಟ್ಟಿಗೆಯ ತಳದಲ್ಲಿ, ಕರ್ಪೂರದ ಗುಳಿಗೆಯ ಜತೆ.
ಏನು ಮಾಡಲಿ, ನಮ್ಮ ಪಂಡಿತನ ಕಾಲಕ್ಕೆ
ಟೈ ಇನ್ನೂ ಹುಟ್ಟಿಲ್ಲ.

ಆಮೇಲೆ ಆ ಬೆಂಚು ಖಾಲಿ.
ಆಮೇಲೆ ಬೆಂಚುಗಳೇ ಖಾಲಿ.

ಯಜಮಾನತಿಯ ಅಕ್ಕನ ಮಗ ತ್ಸೈ ಬಿನ್
ಮೂರು ಕಾಲಿನ ಮೇಲೆ ಫೋನು ನಿಲ್ಲಿಸಿ
ಬಳೆಯಂಥ ದೀಪ ಹೊತ್ತಿಸಿ,
"ಇಲ್ಲಿ ನೋಡಿ ಹಾಡಿ, ಇನ್ನು ಇದೇ ಊರು" ಎಂದ.
ನೀರ್ದೋಳು ಎನ್ನುತ್ತೇವೆ ನಾವು,
ಅಂಗೈ ಮೀರಿ ಇಳಿಯುವ ಬಿಳಿ ರೇಷ್ಮೆಗೆ.
ಬೀಸಿದರೆ ಫೋನಿನ ಹೊರಗೆ ಹೋಗಿ ಬೀಳುತ್ತದೆ.
ಅಳೆದು ಬೀಸಲು ಕಲಿತೆ, ಒಂದು ಗೇಣು.
ಜಾಗಟೆಯನ್ನು ಫೋನು ಗದ್ದಲವೆಂದು ಬಗೆದು
ತಾನೇ ಅದುಮಿಬಿಡುತ್ತದಂತೆ;
ನೋಡುವವರ ಪಾಲಿಗೆ ಪಂಡಿತ
ಏನೂ ಇಲ್ಲದ್ದಕ್ಕೆ ಬೆಚ್ಚಿಬೀಳುವವನು.

ಗುಲಾಬಿ ಬರುತ್ತವೆ, ಮೂಸಲಾಗದ ಗುಲಾಬಿ.
ಯಾರೋ ರಾಕೆಟ್ಟು ಹಾರಿಸಿದರೆ ಮೇಳಕ್ಕೆ ಎರಡು ದಿನದ ಅಕ್ಕಿ.
ಯಾರೋ ಕೇಳುತ್ತಾರೆ: ನೀನು ಗಂಡೋ ಹೆಣ್ಣೋ?
ಇನ್ಯಾರೋ: ಅಜ್ಜೀ, ಫಿಲ್ಟರ್ ಹಾಕಿಕೋ.

ಮೊನ್ನೆ ರಾತ್ರಿ ಹನ್ನೊಂದಕ್ಕೆ, ಬೀಳ್ಕೊಡುಗೆಯ ಪದ ನಡೆದಿದ್ದಾಗ,
"ಮೂರನೇ ಬೆಂಚು" ಎಂಬ ಹೆಸರಿನಿಂದ
ಗುಲಾಬಿಯಿಲ್ಲ, ರಾಕೆಟ್ಟಿಲ್ಲ, ಬರೀ ಇಷ್ಟು:
ಪಂಡಿತರೇ, ಎಡಕ್ಕೆ ತಿರುಗುವುದನ್ನು ಬಿಟ್ಟಿದ್ದೀರಿ.
ಮಂಡಿ ನೋವೇ?

ಯಾರಿಗೂ ಹೇಳಿರಲಿಲ್ಲ ನಾನು.
ಯಜಮಾನತಿಗೆ ಗೊತ್ತಾದರೆ ನಾಳೆಯಿಂದ ಮುದುಕನ ವೇಷ.
ಹಾಡು ಒಂದು ಮಾತ್ರೆ ತಪ್ಪಿತು,
ಎರಡು ತಂತಿಯ ಹುಡುಗಿ ಹಿಂದಿನಿಂದ ಎಳೆದು ಹಿಡಿದಳು.
ಅಷ್ಟರಲ್ಲಿ ಆ ಸಾಲು ಮೇಲೇರಿ ಹೋಯಿತು.
ಎಲ್ಲಿದ್ದೀ, ಯಾವ ಊರು, ಯಾರ ಮನೆಯ ಯಾವ ಮಂಚ,
ಕೇಳುವ ಹಾಗಿರಲಿಲ್ಲ:
ಪಂಡಿತ ಆಗ ಗೆಳತಿಗೆ ವಿದಾಯ ಹೇಳುತ್ತಿದ್ದ,
ನಡುವೆ ನಾನು ಬಾಯಿ ಹಾಕಬಾರದು.

ಈ ಸಂಜೆ ಪೆಟ್ಟಿಗೆಯ ತಳ ಕೆದಕಿದೆ.
ಬಾತುಕೋಳಿಯದನ್ನೇ ಆಯ್ದೆ, ಅದರ ಒಳಹೊಲಿಗೆ ಗಟ್ಟಿ.
ನಿಲುವಂಗಿ ಎತ್ತಿ ಎಡ ಮಂಡಿಗೆ
ಎರಡು ಸುತ್ತು, ಒಂದು ಗಂಟು.
ಟೈ ಕಟ್ಟಲು ಕಲಿತವಳಲ್ಲ; ಗಂಟು ಅಡ್ಡಾದಿಡ್ಡಿ.
ತ್ಸೈ ಬಿನ್ ಬೆರಳು ಮಡಚುತ್ತಾನೆ: ಮೂರು, ಎರಡು.
ನೋಡಲು ಬಂದವರು ಹನ್ನೆರಡು ಜನ.
ಎಡಕ್ಕೆ ತಿರುಗುತ್ತೇನೆ. ನೀರ್ದೋಳು ಗೇಣು ಮೀರಿ
ಫೋನಿನಾಚೆ ಬೀಳುತ್ತದೆ.
ಬೀಳಲಿ.